ಒಂದು ಯಂತ್ರಕ್ಕೆ ಇಬ್ಬರು

ನನ್ನ ನಾದಿನಿಗೆ ಎಂಎಸ್ಸಿ ಸೀಟು ಸಿಕ್ಕ ದಿನ ಮನೆಯಲ್ಲಿ ಹೋಳಿಗೆ ಮಾಡಿದವಳು ನಾನೇ. ಹೊಟ್ಟೆಕಿಚ್ಚು ಇಟ್ಟುಕೊಂಡು ಮಾಡಿದ ಅಡಿಗೆ ಕೆಡುತ್ತದೆ ಎನ್ನುತ್ತಾರೆ. ಅದು ಸುಳ್ಳು. ಅವತ್ತಿನ ಹೋಳಿಗೆ ಎಂದಿಗಿಂತ ಮೆತ್ತಗೆ ಬಂದಿದ್ದವು. ಓಣಿಯವರೆಲ್ಲ ಹೊಗಳಿ ತಿಂದು ಹೋದರು.

ನನ್ನ ತವರು ಜೇವರ್ಗಿ, ಕೊಟ್ಟ ಮನೆ ಆಳಂದ. ಮದುವೆಗೆ ಮುಂಚೆ ಕಲಬುರ್ಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಮೊದಲನೆಯ ವರ್ಷ ಓದಿದ್ದೆ. ಅಷ್ಟರಲ್ಲಿ ಒಳ್ಳೆಯ ಮನೆತನ ಬಂತು. ಮದುವೆಯಾದ ಮೇಲೂ ಓದಿಸುತ್ತಾರಂತೆ ಎಂದು ನಮ್ಮಪ್ಪ ಹೇಳಿದ. ಓದಬೇಡ ಎಂದು ಈ ಮನೆಯಲ್ಲಿ ಯಾರೂ ಒಂದು ದಿನವೂ ಅಂದವರಲ್ಲ, ಅದು ನಿಜ. ಓದು ಎಂದು ಕೂಡ ಯಾರೂ ಅನ್ನಲಿಲ್ಲ. ಸೀಗೆ ಹುಣ್ಣಿವೆ ಬಂತು, ಬಸುರಾಯಿತು, ಬಾಣಂತನವಾಯಿತು, ಅಷ್ಟೇ. ನಾನು ಮನೆ ತುಂಬಿದಾಗ ಈ ನಾದಿನಿ ಎರಡನೆಯ ಇಯತ್ತೆಯಲ್ಲಿದ್ದಳು. ಮೂಗು ಒರೆಸಿ ಸಾಲಿಗೆ ಕಳಿಸಿದವಳು ನಾನು, ಪಾಟಿಯ ಮೇಲೆ ಕೈ ಹಿಡಿದು ಎಬಿಸಿಡಿ ತಿದ್ದಿಸಿದವಳು ನಾನು. ಅವಳು ಮುಂದೆ ಮುಂದೆ ಹೋದ ಹಾಗೆ ನನಗೆ ಹೆಮ್ಮೆಯೂ ಆಗುತ್ತಿತ್ತು, ಎದೆಯೊಳಗೆ ಮುಳ್ಳೂ ಆಡುತ್ತಿತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ, ದಿನಾ ಲಿಂಗಪೂಜೆ ಮಾಡುವ ಕೈ ನನ್ನದು, ಸುಳ್ಳು ಹೇಳಲಾರೆ. ಮುಳ್ಳೇ ಹೆಚ್ಚು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅವಳು ಎಂಎಸ್ಸಿ ಕೊನೆಯ ವರ್ಷದಲ್ಲಿದ್ದಳು. ವಿಷಯ ಸಸ್ಯಶಾಸ್ತ್ರ. ಕ್ಲಾಸುಗಳೆಲ್ಲ ಮುಗಿದು ಒಂದು ಪ್ರಬಂಧ ಬರೆಯುವುದು ಮಾತ್ರ ಉಳಿದಿತ್ತು. ನಮ್ಮ ಸೀಮೆಯ ತೊಗರಿಗೆ ನೆಟೆ ರೋಗ ಬೀಳುತ್ತದಲ್ಲ, ನಿಂತ ಗಿಡ ನಿಂತಲ್ಲೇ ಒಣಗುತ್ತದಲ್ಲ, ಅದರ ಮೇಲೆ. ಆ ರೋಗದ ಬಗ್ಗೆ ಬೇರೆ ದೇಶಗಳಲ್ಲಿ ಯಾರು ಯಾರು ಏನೇನು ಕಂಡುಹಿಡಿದಿದ್ದಾರೆ ಎನ್ನುವುದನ್ನು ಹುಡುಕಿ ತರದಿದ್ದರೆ ಸಹಿ ಹಾಕುವುದಿಲ್ಲ ಎಂದು ಅವಳ ಗೈಡ್ ಸರ್ ಹೇಳಿಬಿಟ್ಟಿದ್ದರು. ಮೊದಲಾದರೆ ಅದಕ್ಕೆ ಇಟ್ಟಿಗೆಯಂಥ ದಪ್ಪ ಪುಸ್ತಕಗಳನ್ನು ವಾರಗಟ್ಟಲೆ ತಿರುವಬೇಕಾಗಿತ್ತಂತೆ. ಈಗ ಲೈಬ್ರರಿಗೆ ಕಂಪ್ಯೂಟರ್ ಬಂದಿತ್ತು. ಬೆಳ್ಳಿಯ ತಟ್ಟೆಯಂಥ ಒಂದು ಸಿಡಿ ಹಾಕಿದರೆ ಆ ಪುಸ್ತಕಗಳೆಲ್ಲ ಅದರೊಳಗೇ ಇರುತ್ತವೆ ಎಂದು ಅವಳು ಹೇಳಿದಾಗ ನಮ್ಮ ಅತ್ತೆ ನಂಬಲಿಲ್ಲ. ನಾನು ನಂಬಿದೆ. ನಂಬಿದ್ದಕ್ಕೇ ಸಂಕಟವಾಯಿತು.

ಇದರ ನಡುವೆ ಅವಳ ಮದುವೆ ಗೊತ್ತಾಯಿತು. ಅಫಜಲಪುರದ ಮನೆತನ. ನಿಶ್ಚಯವೂ ಆಗಿ ಹೋಯಿತು. ನಿಶ್ಚಯವಾದ ಹುಡುಗಿ ಒಬ್ಬಳೇ ಬಸ್ ಹತ್ತಿ ಕಲಬುರ್ಗಿಗೆ ಓಡಾಡಬಾರದು ಎನ್ನುವುದು ನಮ್ಮ ಕಡೆಯ ರೂಢಿ. ಕ್ಲಾಸು ಇದ್ದಾಗ ಆಳಂದದ ಇನ್ನೂ ನಾಲ್ಕು ಹುಡುಗಿಯರು ಜೊತೆಗಿದ್ದರು, ಈಗ ಯಾರೂ ಇರಲಿಲ್ಲ. ಕಂಪ್ಯೂಟರ್ ಖೋಲಿಯಲ್ಲಿ ಅವಳಿಗೆ ಪಾಳಿ ಸಿಗುತ್ತಿದ್ದದ್ದು ಗುರುವಾರ. ಹಾಗಾಗಿ ಗುರುವಾರಕ್ಕೊಮ್ಮೆ ನಾನು ಅವಳ ಬೆನ್ನಿಗೆ ಹೋಗಬೇಕು ಎಂದು ಮನೆಯಲ್ಲಿ ತೀರ್ಮಾನವಾಯಿತು. ನನ್ನನ್ನು ಕೇಳಿ ತೀರ್ಮಾನವಾದದ್ದಲ್ಲ. ಬೆಳಗಾಗುವ ಮುಂಚೆ ಎದ್ದು ಪೂಜೆ ಮುಗಿಸಿ, ರೊಟ್ಟಿ ಬಡಿದು, ಪಲ್ಯ ಮಾಡಿಟ್ಟು ಹೊರಟರೆ ಸಂಜೆ ವಾಪಸು.

ಆ ಖೋಲಿ ಹೇಗಿತ್ತೆಂದರೆ, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಧೂಳು ಹೋದರೆ ಯಂತ್ರ ಕೆಡುತ್ತದಂತೆ. ಒಳಗೆ ನೀಲಿ ಹಾಸು, ಕಿಟಕಿಗಳಿಗೆ ದಪ್ಪ ಪರದೆ. ನಮ್ಮ ಸೀಮೆಯ ಬಿಸಿಲು ಗೊತ್ತಲ್ಲ, ಆ ಬಿಸಿಲಿನಲ್ಲಿಯೂ ಆ ಖೋಲಿ ಮಾತ್ರ ತಂಪು. ಬಾಗಿಲು ತೆರೆದಾಗೊಮ್ಮೆ ತಣ್ಣನೆಯ ಗಾಳಿ ಬಂದು ನನ್ನ ಕಾಲಿಗೆ ಬಡಿಯುತ್ತಿತ್ತು. ನಾನು ಕೂಡುತ್ತಿದ್ದದ್ದು ಹೊರಗಿನ ಬೆಂಚಿನ ಮೇಲೆ. ವಿದ್ಯಾರ್ಥಿ ಕಾರ್ಡು ಇಲ್ಲದವರಿಗೆ ಒಳಗೆ ಪ್ರವೇಶವಿರಲಿಲ್ಲ. ಹುಡುಗರು ಬರುವಾಗ ಅಕ್ಕೋರ, ಜರಾ ಚಪ್ಪಲಿ ಕಡೆ ಲಕ್ಷ್ಯ ಇರಲ್ರಿ ಎಂದು ಹೇಳಿ ಹೋಗುತ್ತಿದ್ದರು. ಗುಡಿಯ ಮುಂದೆ ಚಪ್ಪಲಿ ಕಾಯುವ ಮುದುಕಿಗಾದರೂ ಒಳಗಿನ ಗಂಟೆ ಕೇಳಿಸುತ್ತದೆ. ನನಗೆ ಅದೂ ಇರಲಿಲ್ಲ.

ಆದರೂ ಕೊಟ್ಟದ್ದನ್ನು ಮರೆಯಬಾರದು. ಬೆಂಚಿನ ಪಕ್ಕದಲ್ಲೇ ತಂಪು ನೀರಿನ ಪಾತ್ರೆ ಇತ್ತು. ಎದುರಿಗೆ ಪೇಪರು ಓದುವ ಮೇಜಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಬಾಗಿಲಿಗೆ ಮೊಳದಷ್ಟು ಗಾಜಿತ್ತು. ಅದರಲ್ಲಿ ಕಣ್ಣಿಟ್ಟರೆ ಅರ್ಧ ಖೋಲಿ ಕಾಣುತ್ತಿತ್ತು. ದೇವರು ಬಾಗಿಲು ಮುಚ್ಚಿದರೂ ಗಾಜು ಇಟ್ಟಿದ್ದನಲ್ಲ ಎಂದುಕೊಂಡು ನೋಡುತ್ತಿದ್ದೆ.

ಯಂತ್ರಗಳು ಕಡಿಮೆ, ಹುಡುಗರು ಹೆಚ್ಚು. ಅದಕ್ಕೆ ಲೈಬ್ರರಿಯ ಸರ್ ಒಂದು ಕಾಯಿದೆ ಮಾಡಿದ್ದರು. ಒಂದು ಯಂತ್ರಕ್ಕೆ ಇಬ್ಬರು. ಅರ್ಧ ತಾಸು ಒಬ್ಬರ ಕೆಲಸ, ಅರ್ಧ ತಾಸು ಇನ್ನೊಬ್ಬರ ಕೆಲಸ, ಒಬ್ಬರು ಟೈಪ್ ಮಾಡಿದರೆ ಇನ್ನೊಬ್ಬರು ಬರೆದುಕೊಳ್ಳಬೇಕು. ಪಾಳಿಯಲ್ಲಿ ಯಾರ ಹಿಂದೆ ಯಾರು ಬರುತ್ತಾರೋ ಅವರೇ ಜೋಡಿ. ಸರ್ ಬೀರುವಿನ ಕೀಲಿ ತೆಗೆದು, ಸಿಡಿಯನ್ನು ಅಂಚಿನಲ್ಲಿ ಮಾತ್ರ ಹಿಡಿದು, ಬಿಲ್ವಪತ್ರೆಯನ್ನು ಲಿಂಗದ ಮೇಲೆ ಇಟ್ಟ ಹಾಗೆ ಯಂತ್ರದ ನಾಲಿಗೆಯ ಮೇಲೆ ಇಡುತ್ತಿದ್ದರು. ನಾಲಿಗೆ ಒಳಗೆ ಹೋಗುತ್ತಿತ್ತು. ಹುಡುಗರಲ್ಲಿ ಅರ್ಧ ಜನ ಕೀಲಿ ಒತ್ತಲು ಹೆದರುವವರು. ಒಂದು ಬೆರಳು ಮೇಲೆತ್ತಿ, ಸರ್ ಮುಖ ನೋಡಿ, ಆಮೇಲೆ ಒತ್ತುವರು. ಇನ್ನರ್ಧ ಜನ ಸರ್ ಚಹಾಕ್ಕೆ ಹೋದ ಕೂಡಲೇ ಇಸ್ಪೀಟಿನ ಆಟ ತೆಗೆದು ಕೂಡುವರು. ಅದನ್ನು ನೋಡಿದಾಗ ನನ್ನ ಮೈ ಉರಿಯುತ್ತಿತ್ತು. ಸಿಕ್ಕ ಅರ್ಧ ತಾಸನ್ನು ಹೀಗೆ ಚೆಲ್ಲುತ್ತಾರಲ್ಲ, ಅದರಲ್ಲಿ ಒಂದು ಬೊಗಸೆ ಈ ಕಡೆ ಚೆಲ್ಲಬಾರದೆ ಎಂದು.

ಹೆಚ್ಚಿನ ಉರಿ ಮಾತ್ರ ನಾದಿನಿಯ ಮೇಲೆ. ಅವಳು ಹೆದರುವವಳಲ್ಲ, ಆಡುವವಳೂ ಅಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು, ಜಡೆ ಮುಂದಕ್ಕೆ ಹಾಕಿಕೊಂಡು ಹತ್ತೂ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದಳು. ಆ ಬೆರಳುಗಳನ್ನು ನೋಡುವಾಗ ನನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದೆ. ಹೊರಗೆ ಬಂದು ನೀರು ಕುಡಿಯುತ್ತ, ತೊಗರಿ ಅಂತ ಹಾಕಿದರ ಅದಕ್ಕ ತಿಳಿಯೂದಿಲ್ರಿ ವೈನಿ, ಲ್ಯಾಟಿನ್ ಹೆಸರು ಹಾಕಬೇಕು ಎಂದು ಚಿಕ್ಕ ಹುಡುಗಿಗೆ ಹೇಳಿದಂತೆ ಹೇಳಿದಳು ಒಮ್ಮೆ. ಆ ಹೆಸರು ನನಗೂ ಒಂದು ಕಾಲಕ್ಕೆ ಬರುತ್ತಿತ್ತು. ಬಾಯಿ ತೆರೆದೆ. ಬರಲಿಲ್ಲ. ಬಸ್ಸಿನಲ್ಲಿ ಬರುವಾಗ ಆಳಂದದವರೆಗೂ ನೆನಪಿಸಿಕೊಂಡೆ, ಬರಲಿಲ್ಲ. ಅವಳನ್ನು ಕೇಳಲು ಮನಸ್ಸಾಗಲಿಲ್ಲ.

ಅವಳಿಗೆ ಜೋಡಿಯಾಗಿ ಬಂದವನು ಜೇವರ್ಗಿ ಕಡೆಯ ಒಬ್ಬ ಹುಡುಗ. ನನ್ನ ತವರೂರಿನವನು ಎಂದು ತಿಳಿದ ಮೇಲೆ ಅಕ್ಕಾ ಅಕ್ಕಾ ಎಂದು ಮಾತಾಡಿಸುತ್ತಿದ್ದ. ಬಡಕಲು ಪ್ರಾಣಿ. ಆ ಖೋಲಿಯ ತಂಪು ತಡೆಯಲಾರದೆ ತಲೆಗೆ ಕರ್ಚೀಫು ಕಟ್ಟಿಕೊಂಡು ಕೂಡುತ್ತಿದ್ದ. ನಾದಿನಿ ಓದಿ ಹೇಳುವುದು, ಅವನು ನಡುಗುತ್ತ ಬರೆದುಕೊಳ್ಳುವುದು. ಇಬ್ಬರ ನಡುವೆ ಇನ್ನೊಂದು ಕುರ್ಚಿ ಇಡುವಷ್ಟು ಜಾಗ.

ಅಫಜಲಪುರದ ಬೀಗರ ಸಂಬಂಧಿಕ ಹುಡುಗನೊಬ್ಬನೂ ಅಲ್ಲೇ ಓದುತ್ತಿದ್ದ ಎಂಬುದು ನಮಗೆ ಗೊತ್ತಿರಲಿಲ್ಲ. ಅವನು ನೋಡಿದ್ದನ್ನು ಊರಿಗೆ ಹೋಗಿ ಹೇಳಿದ. ನಿಮ್ಮ ಸೊಸೆಯಾಗುವವಳು ಪರದೆ ಹಾಕಿದ ಖೋಲಿಯಲ್ಲಿ ಒಬ್ಬ ಹುಡುಗನ ಜೊತೆ ಜೋಡಿಯಾಗಿ ಕೂಡುತ್ತಾಳೆ ಎಂದು. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ, ಅದೇ ತೊಂದರೆ. ಹುಡುಗ ಜೇವರ್ಗಿಯವನು, ಅಂದರೆ ಕಾವಲಿಗೆ ಹೋದ ಅತ್ತಿಗೆಯ ತವರಿನವನು ಎಂಬುದೂ ಸೇರಿಕೊಂಡಿತು.

ಬೀಗತಿ ತಾವೇ ಆಳಂದಕ್ಕೆ ಬಂದರು. ಹಣ್ಣು, ಹೂವು ಹಿಡಿದುಕೊಂಡು, ಹೊಸ ಸೊಸೆಯನ್ನು ನೋಡಿ ಹೋಗಲು ಬಂದೆ ಎಂದರು. ಆ ಮಾತು ಅಷ್ಟರಲ್ಲಿ ನಮ್ಮ ಮನೆಗೂ ಮುಟ್ಟಿತ್ತು, ನಮ್ಮ ಅತ್ತೆಯ ಮುಖ ಇಳಿದು ಹೋಯಿತು. ನನ್ನನ್ನು ನಡುಮನೆಗೆ ಎಳೆದುಕೊಂಡು ಹೋಗಿ ಇನ್ನು ಲೈಬ್ರರಿಯೂ ಬೇಡ, ಎಂಎಸ್ಸಿಯೂ ಬೇಡ, ಇಷ್ಟು ಓದಿದ್ದು ಸಾಕು ಎಂದು ಪಿಸುಗುಟ್ಟಿದರು. ನಾದಿನಿ ಒಳಕೋಣೆಯಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಇನ್ನು ಒಂದೇ ಒಂದು ಪಾಳಿ ಉಳಿದಿತ್ತು ಅವಳಿಗೆ. ಹುಡುಕಿದ್ದನ್ನೆಲ್ಲ ಕಾಗದದ ಮೇಲೆ ಛಾಪಿಸಿ ತಂದು ಗೈಡ್ ಸರ್ ಮುಂದೆ ಇಟ್ಟರೆ ಸಹಿ. ಇಲ್ಲದಿದ್ದರೆ ಮದುವೆಯ ಮುಂಚೆ ಪ್ರಬಂಧ ಆಗುವುದಿಲ್ಲ. ಮದುವೆಯ ಮೇಲೆ ಏನಾಗುತ್ತದೆ ಎನ್ನುವುದನ್ನು ಆ ಮನೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಬೀಗತಿ ಬುದ್ಧಿವಂತೆ. ಅತ್ತೆಯ ಹತ್ತಿರ ಕೇಳಲಿಲ್ಲ, ಮಗಳ ಹತ್ತಿರವೂ ಕೇಳಲಿಲ್ಲ. ನಾನು ಅಡಿಗೆ ಮನೆಯಲ್ಲಿ ಉಪ್ಪಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಾಗ ಬಂದು ಮಣೆ ಎಳೆದುಕೊಂಡು ಕೂತರು.

"ತಂಗಿ, ನೀನೂ ಈ ಮನಿಗೆ ಸೊಸಿ. ನಾದಿನಿ ಮ್ಯಾಲ ಸೊಸಿಗೆ ಎಷ್ಟು ಪ್ರೀತಿ ಇರ್ತದ ನನಗ ಗೊತ್ತದ. ನಾನೂ ಸೊಸಿ ಆಗಿ ಬಂದಾಕಿ. ನೀ ಖರೇ ಹೇಳ್ತಿ. ಆ ಖೋಲಿಯೊಳಗ ಏನ್ ನಡಿತದ?"

ಆಗ ನನ್ನ ಬಾಯಲ್ಲಿ ಏನು ಬಂತು ಎಂದು ಹೇಳುತ್ತೇನೆ. ನನಗೇನು ಗೊತ್ತು, ನನ್ನನ್ನು ಒಳಗೆ ಬಿಡುವುದಿಲ್ಲ ಎನ್ನುವ ಮಾತು ಬಂತು. ಅದೂ ಸುಳ್ಳಲ್ಲ. ಅಷ್ಟು ಅಂದಿದ್ದರೆ ಸಾಕಿತ್ತು, ಉಳಿದದ್ದನ್ನು ಬೀಗತಿ ತಾವೇ ಮಾಡುತ್ತಿದ್ದರು. ನಾದಿನಿಯೂ ನನ್ನ ಹಾಗೇ ಅರ್ಧಕ್ಕೆ ನಿಲ್ಲುತ್ತಿದ್ದಳು. ಎಂಎಸ್ಸಿ ಮುಗಿಸಿದವಳು ಒಬ್ಬಳು, ಬಿಎಸ್ಸಿ ಬಿಟ್ಟವಳು ಒಬ್ಬಳು ಎನ್ನುವುದು ಹೋಗಿ ಇಬ್ಬರೂ ಬಿಟ್ಟವರೇ ಆಗುತ್ತಿದ್ದೆವು. ಆ ಮಾತಿನ ರುಚಿ ನಾಲಿಗೆಯ ಮೇಲೆ ಬೆಲ್ಲದಂತೆ ಇತ್ತು. ಆದರೆ ಅದಕ್ಕಿಂತ ಹಳೆಯ ಹಸಿವೊಂದು ಅದರ ಹಿಂದೆಯೇ ನುಗ್ಗಿ ಬಂದು ಅದನ್ನು ಬದಿಗೆ ತಳ್ಳಿತು.

"ಗಾಜಿನಾಗಿಂದ ಎಲ್ಲಾ ಕಾಣ್ತದ್ರಿ ಅತ್ತಿಯವರ" ಎಂದೆ. "ಆ ಹುಡುಗ ಥಂಡಿಗೆ ತಲಿಗೆ ಅರಬಿ ಕಟ್ಟಿಕೊಂಡು ಕೂಡ್ತಾನ. ಈಕಿ ಓದ್ತಾಳ, ಅವ ಬರೀತಾನ. ತೊಗರಿ ಬ್ಯಾನಿ ಬಿಟ್ಟು ಬ್ಯಾರೆ ಮಾತಿಲ್ಲ. ನಾ ಈಕಿ ಮ್ಯಾಲ ಪ್ರೀತಿಗೆ ಹೇಳಾಕತ್ತಿಲ್ರಿ. ನನಗ ಈಕಿನ್ನ ನೋಡಿದರ ಹೊಟ್ಟಿ ಉರೀತದ. ಆ ಕುರ್ಚಿ ಮ್ಯಾಲ ನನಗ ಕೂಡಾಕ ಬಿಟ್ಟಿದ್ದರ, ಒಬ್ಬ ಅಲ್ಲ, ಹತ್ತು ಹುಡುಗರ ನಡುವನೂ ಕೂಡ್ತಿದ್ದೆ ನಾ."

ಬೀಗತಿ ನನ್ನ ಮುಂದಿದ್ದ ಉಳ್ಳಾಗಡ್ಡಿ ಒಂದನ್ನು ತೆಗೆದುಕೊಂಡು ಸಿಪ್ಪೆ ಸುಲಿಯತೊಡಗಿದರು. ಸುಲಿದು ಮುಗಿಸಿ ನನ್ನ ಕಡೆ ಸರಿಸಿದರು.

"ನೀ ಎಷ್ಟನೇ ಇಯತ್ತೆ ಓದಿ?" ಎಂದು ಕೇಳಿದರು.

ಹೇಳಿದೆ.

"ಹಂಗಾದ್ರ ಇನ್ನೊಂದ್ ಪಾಳಿ ಅದ ಅಂತಲ್ಲ, ಅದಕ್ಕ ಜೋಡಿಯಾಗಿ ನೀನ ಕೂಡು. ಹುಡುಗ ಬ್ಯಾಡ. ಆ ಲೈಬ್ರರಿಯವ ಒಪ್ಪಲಿಲ್ಲಂದ್ರ ಅಫಜಲಪುರದಾಕಿ ಬಂದು ಬಾಗಲದಾಗ ಕೂಡ್ತಾಳಂತ ಹೇಳು."

ಹೊರಗೆ ಬಂದು ಅತ್ತೆಯ ಮುಂದೆಯೂ ಅದನ್ನೇ ಹೇಳಿದರು. ಕೈಗೆ ಬಂದ ಓದು ಮುಗಿಸಿಕೊಂಡೇ ಬರಲಿ, ನಮ್ಮ ಮನೆಗೆ ಬಂದ ಮೇಲೆ ಯಾರು ಓಡಾಡಿಸುತ್ತಾರೆ ಎಂದರು. ಆ ಹಗುರಾದ ಮಾತಿನೊಳಗೆ ಭಾರವಾದದ್ದು ಇತ್ತು, ನಾದಿನಿಗೆ ಅವತ್ತು ಅದು ಕೇಳಿಸಲಿಲ್ಲ. ಓಡಿ ಬಂದು ನನ್ನ ಕುತ್ತಿಗೆಗೆ ಬಿದ್ದಳು. ನನ್ನ ಕೈಯಲ್ಲಿ ಉಳ್ಳಾಗಡ್ಡಿ ವಾಸನೆ ಇತ್ತು, ಅಪ್ಪಿಕೊಳ್ಳಲಿಲ್ಲ. ನನಗೂ ಒಬ್ಬ ಬೀಗತಿ ಮದುವೆಯ ಮುಂಚೆ ಬಂದು ಇಷ್ಟು ಅಂದಿದ್ದರೆ ಎಂದು ನಾನು ಯೋಚಿಸುತ್ತಿದ್ದೆ.

ಆ ಗುರುವಾರ ಲೈಬ್ರರಿಯ ಸರ್ ಮೊದಲು ಒಪ್ಪಲಿಲ್ಲ. ಕಾರ್ಡು ಎಲ್ಲಿ ಎಂದರು. ನಾದಿನಿ ನಡೆದದ್ದನ್ನೆಲ್ಲ ಹೇಳಿದಳು. ಅವರು ಜೇವರ್ಗಿಯ ಹುಡುಗನ ಕಡೆ ನೋಡಿದರು. ಆ ಪ್ರಾಣಿ ತಾನೇ ಎದ್ದು, ಸರ, ನಾ ಹೊರಗ ಬಿಸಿಲಾಗ ಕೂಡ್ತೀನ್ರಿ, ಮೈ ಕಾಯ್ತದ ಎಂದು ಹೊರಗೆ ನಡೆದ. ಎಲ್ಲರೂ ನಕ್ಕರು. ಸರ್ ಕೂಡ ನಕ್ಕು, ಒಂದು ತಾಸಿನ ಮಟ್ಟಿಗೆ ಕೂಡ್ರಿ, ಆದರೆ ಏನೂ ಮುಟ್ಟಬ್ಯಾಡ್ರಿ ಎಂದರು.

ಚಪ್ಪಲಿ ಬಿಟ್ಟೆ. ಬಲಗಾಲು ಮುಂದಿಟ್ಟು ಒಳಗೆ ಹೋದೆ, ರೂಢಿ ಹಾಗೆ ಬಿದ್ದಿದೆ. ಹಾಸು ಕಾಲಿಗೆ ಮೆತ್ತಗಿತ್ತು. ತಂಪು ಗಾಳಿ ಕಿವಿಯ ಹಿಂದೆ, ಕುತ್ತಿಗೆಯಲ್ಲಿ ಬೆವರು ಆರಿಸಿತು. ಕುರ್ಚಿಗೆ ಗಾಲಿಗಳಿದ್ದವು, ಕೂತ ಕೂಡಲೇ ಒಂದಿಷ್ಟು ಹಿಂದಕ್ಕೆ ಜರುಗಿತು. ನಾದಿನಿ ನಗದೆ ನನ್ನ ಕುರ್ಚಿ ಹಿಡಿದು ಮುಂದಕ್ಕೆ ಎಳೆದುಕೊಂಡಳು. ಇಷ್ಟು ವಾರ ಗಾಜಿನಲ್ಲಿ ಬೆನ್ನು ಮಾತ್ರ ಕಂಡ ಕೆಲಸದ ಮುಖ ಈಗ ಕಂಡಿತು. ಕರಿಯ ಪರದೆಯ ಮೇಲೆ ಬಿಳಿಯ ಅಕ್ಷರ. ಅವಳು ಲ್ಯಾಟಿನ್ ಹೆಸರು ಹಾಕಿದಳು. ಕ ಜಾ ನಸ್. ನೋಡಿದ ಕೂಡಲೇ ನನಗೆ ಪೂರ್ತಿ ನೆನಪಾಯಿತು, ಕಜಾನಸ್ ಕಜಾನ್. ನಾನು ಗಟ್ಟಿಯಾಗಿ ಹೇಳಲಿಲ್ಲ. ಮುಂದೆ ರೋಗದ ಹೆಸರು ಹಾಕಿದಳು. ಕೆಂಪು ದೀಪ ಮಿಣುಕಿತು, ಯಂತ್ರ ಒಳಗೊಳಗೇ ಬೀಸುವ ಕಲ್ಲಿನ ಹಾಗೆ ಗರಗರ ಅಂದಿತು, ಆಮೇಲೆ ಸಾಲು ಸಾಲಾಗಿ ಬಂದವು. ಎಲ್ಲೆಲ್ಲಿಯ ಊರುಗಳು. ನಾವು ಹೆಸರು ಕೇಳದ ದೇಶದವರೂ ನಮ್ಮ ತೊಗರಿಯ ಬೇರು ಕಿತ್ತು ನೋಡಿದ್ದರು.

"ವೈನಿ, ಈ ಬಾಣದ ಕೀಲಿ ಒತ್ರಿ. ಒಂದೊಂದ ಕೆಳಗ ಹೋಗ್ತದ" ಎಂದಳು ಮೆಲ್ಲಗೆ. ಸರ್ ಆ ಕಡೆ ತಿರುಗಿದ್ದರು. ಒತ್ತಿದೆ. ಮಗುವಿಗೆ ರೊಟ್ಟಿ ಹಿಟ್ಟಿನ ಚೂರು ಕೊಟ್ಟು ಸುಮ್ಮನಿರಿಸಿದ ಹಾಗೆ ಕೊಟ್ಟಳು ಎಂದು ಸಿಟ್ಟೂ ಬಂತು. ಆದರೂ ಬೆರಳು ಎತ್ತಲಿಲ್ಲ.

ಅವಳ ಕೆಲಸ ಬೇಗ ಮುಗಿಯಿತು. ಛಾಪಿಸುವ ಯಂತ್ರ ಕಿರ್ರೆಂದು ಕಿರುಚುತ್ತ, ಎರಡೂ ಅಂಚಿಗೆ ತೂತಿದ್ದ ಉದ್ದನೆಯ ಕಾಗದವನ್ನು ಹೊರಗೆ ಬಿಡತೊಡಗಿತು. ಅವಳು ಅದರ ಹತ್ತಿರ ಹೋಗಿ ನಿಂತಳು. ತಾಸು ಮುಗಿಯಲು ಇನ್ನೂ ಸಮಯವಿತ್ತು. ಸರ್ ನನ್ನ ಹಿಂದೆ ಬಂದು ನಿಂತು, ದಯಾಳು ಮನುಷ್ಯ, "ನಿಮಗೇನರ ಹುಡುಕೋದು ಅದೇನ್ರಿ? ಹೇಳ್ರಿ, ಹಾಕಿ ತೋರಸ್ತೇನಿ" ಎಂದರು.

ಈ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆನೋ ಶಿವನೇ ಬಲ್ಲ. ಪರದೆಯ ಮೇಲೆ ಒಂದು ಸಣ್ಣ ಗೆರೆ ಮಿಣುಕುತ್ತಿತ್ತು, ಹೇಳು ಹೇಳು ಎಂದ ಹಾಗೆ. ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಬೆಂಚಿನ ಮೇಲೆ ಕೂತಾಗ, ರೊಟ್ಟಿ ಬಡಿಯುವಾಗ ನನ್ನಲ್ಲಿ ಕೇಳುವುದು ಬಹಳ ಇದೆ, ಕೇಳಲು ಜಾಗವಿಲ್ಲ ಎಂದು ತಿಳಿದಿದ್ದೆ. ಜಾಗ ಸಿಕ್ಕಾಗ ಒಂದು ಶಬ್ದವೂ ಬರಲಿಲ್ಲ. ಏನಿಲ್ರಿ ಎಂದೆ. ಸರ್ ತಲೆಯಾಡಿಸಿ ಸಿಡಿ ಹೊರಗೆ ತೆಗೆದು ಅದರ ಚೀಲಕ್ಕೆ ಹಾಕಿದರು.

ನಾದಿನಿಯನ್ನು ನೋಡಿದೆ. ಕಾಗದವನ್ನು ಮಡಿಕೆ ಮಡಿಕೆಯಾಗಿ ಕೈಯಲ್ಲಿ ಹಿಡಿದು ಓದುತ್ತಿದ್ದಳು, ತುಟಿಗಳು ಅಲುಗುತ್ತಿದ್ದವು. ಅವಳಿಗೆ ಸೀಟು ಸಿಕ್ಕಾಗ, ಬೆರಳು ಓಡಿದಾಗ, ಬೀಗತಿ ಒಪ್ಪಿದಾಗ ಆದ ಹೊಟ್ಟೆಕಿಚ್ಚೆಲ್ಲ ಒಂದು ಕಡೆ. ಅವತ್ತು ಆದದ್ದೇ ದೊಡ್ಡದು. ಆಕೆಗೆ ಕೇಳುವುದು ಏನು ಎಂದು ಗೊತ್ತಿತ್ತು.

ಗೈಡ್ ಸರ್ ಕಾಗದಗಳನ್ನು ಹಿಂದೆ ಮುಂದೆ ತಿರುವಿ ನೋಡಿ, ಇಷ್ಟು ಮೊದಲೇ ತಂದಿದ್ದರ ನನ್ನ ಕಡಿಂದ ಬೈಸಿಕೊಳ್ತಿರಲಿಲ್ಲ ನೀನು ಎಂದು ಹೇಳಿ ಸಹಿ ಹಾಕಿದರು. ನಾನು ಬಾಗಿಲಲ್ಲೇ ನಿಂತು ಮನಸ್ಸಿನಲ್ಲಿ ಶರಣು ಎಂದೆ. ಅಷ್ಟಾದರೂ ಖರೇ ಅಂದೆ, ಮೇಲೆ ಮೇಲೆ ಅಲ್ಲ. ಬಸ್ ಸ್ಟ್ಯಾಂಡಿನಲ್ಲಿ ಆಳಂದದ ಬಸ್ಸಿಗೆ ಕಿಟಕಿಯ ಸೀಟು ಸಿಕ್ಕಿತು. ನಿಂತು ಹೋಗುವವರೇ ಹೆಚ್ಚಿದ್ದ ಬಸ್ಸಿನಲ್ಲಿ ಅದೂ ಸಣ್ಣ ಕೃಪೆಯಲ್ಲ. ಹೊರಟು ಸ್ವಲ್ಪ ಹೊತ್ತಿಗೆ ನಾದಿನಿ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಕಾಗದದ ಕಟ್ಟು ನನ್ನ ತೊಡೆಯ ಮೇಲಿತ್ತು.

ಮೊದಲ ಹಾಳೆ ಬಿಡಿಸಿದೆ. ಇಂಗ್ಲಿಷು ತುಕ್ಕು ಹಿಡಿದಿತ್ತು, ಆದರೂ ಸಾಲಿಗೆ ಸಾಲು ಹಿಡಿದು ಹೋದೆ. ತಿಳಿಯದ ಶಬ್ದ ಬಿಟ್ಟು ತಿಳಿದದ್ದನ್ನು ಕೂಡಿಸಿಕೊಂಡೆ. ಬೇರಿನ ಮೂಲಕ ರೋಗ ಒಳಗೆ ಹೋಗುತ್ತದೆ ಎಂದು ಒಂದು ಕಡೆ ಇತ್ತು. ತೊಗರಿಯ ಸಾಲಿನ ನಡುವೆ ಜೋಳ ಬಿತ್ತಿದರೆ ರೋಗ ಕಡಿಮೆಯಾದದ್ದು ಕಂಡಿತು ಎಂದು ಇನ್ನೊಂದು ಕಡೆ. ಹೊರಗೆ ಹೊಲಗಳು ಹಿಂದಕ್ಕೆ ಓಡುತ್ತಿದ್ದವು. ಕಡಗಂಚಿ ದಾಟುವ ಹೊತ್ತಿಗೆ ನನ್ನೊಳಗೆ ಏನೋ ಕೆರೆದಂತಾಯಿತು. ತಡೆಯಲಾರದೆ ಅವಳನ್ನು ಅಲುಗಿಸಿ ಎಬ್ಬಿಸಿದೆ.

"ಇಲ್ಲಿ ಜ್ವಾಳ ಹಾಕಿದರ ಕಮ್ಮಿ ಆಗ್ತದ ಅಂತ ಅದ. ಸಜ್ಜಿ ಹಾಕಿದರ?"

ಅವಳು ನಿದ್ದೆಗಣ್ಣಿನಲ್ಲಿ ಹಾಳೆ ನೋಡಿದಳು, ನನ್ನನ್ನು ನೋಡಿದಳು.

"ಅದಕ್ಕ ಬ್ಯಾರೆ ಶಬ್ದ ಹಾಕಿ ಹುಡುಕಬೇಕಾಗ್ತದ್ರಿ ವೈನಿ. ಮುಂದಿನ ಗುರುವಾರ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಅವಳ ಗುರುವಾರಗಳು ಮುಗಿದಿದ್ದವು. ಅದರ ಜೊತೆಗೆ ನನ್ನವೂ.

ಅವಳು ಮತ್ತೆ ಭುಜಕ್ಕೆ ಒರಗಿದಳು. ಆಳಂದ ಬರಲು ಇನ್ನೂ ಹೊತ್ತಿತ್ತು. ನಾನು ಮುಂದಿನ ಹಾಳೆ ಬಿಡಿಸಿದೆ.